ಬಳ್ಳಾರಿ ಜಿಲ್ಲೆಯ ೨೩ ವಿದ್ಯಾಸ್ಥಾನಗಳು

ಚಿಗಟೇರಿಯ ನಾರದಮುನಿಯ ಸನ್ನಿಧಿಗೆ ಹೋಗಿಬಂದ ವಾಚಕರಿಗೆ ಮಹಾಭಾರತದ ಸಭಾಪರ್ವದ ಒಂದು ಪ್ರಸಂಗವು ನೆನಪಿನಲ್ಲಿರಬಹುದು. ಧರ್ಮರಾಯನ ಹೊಸ ಸಭೆಗೆ ದಯಮಾಡಿಸಿದ ಆ ದೇವರ್ಷಿಯು ಸತ್ಕಾರವನ್ನು ಸ್ವೀಕರಿಸಿದ ಕೂಡಲೆ ರಾಜನನ್ನು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ ಪರೀಕ್ಷಿಸುತ್ತಾನೆ. ಕೋಟೆಗಳು ಭದ್ರವಾಗಿರುವುವೇ? ಕರಣಿಕರು ಆಯವ್ಯಯದ ಲೆಕ್ಕವನ್ನು ದಿನದಿನವೂ ಒಪ್ಪಿಸುವರೇ? ಕೆರೆಗಳು ತುಂಬಿರುವುವೇ? ಒಕ್ಕಲಿಗನಿಗೆ ಊಟಕ್ಕೂ ಬೀಜಕ್ಕೂ ಕೊರತೆಯಿಲ್ಲವಷ್ಟೆ? ವಿದ್ಯಾವಂತರಿಗೆ ಅವರವರ ಗುಣಕ್ಕೆ ತಕ್ಕ ದಾನವು ಸಲ್ಲುತ್ತಿರುವುದೇ? ನಾಡಿನ ವಿದ್ಯೆಯ ಸ್ಥಿತಿಯು ಕೋಟೆ ಕೆರೆಗಳ ಸ್ಥಿತಿಯಂತೆಯೇ ರಾಜನು ತಿಳಿದಿರತಕ್ಕ ವಿಷಯವೆಂಬ ಭಾವನೆಯು ನಮ್ಮಲ್ಲಿ ಎಷ್ಟು ಹಳೆಯದೆಂಬುದು ಇದರಿಂದ ತಿಳಿಯುವುದು. ಆದರೆ ನಾರದನ ಪ್ರಶ್ನೆಗಳಿಗೆ ‘ಹೌದು’, ‘ಇಲ್ಲ’ ಎಂಬ ಉತ್ತರವೇ ಸಾಕಾಗಿದ್ದಿತು. ‘ಎಷ್ಟು?’ ಎಂಬ ಪ್ರಶ್ನೆಯನ್ನು ಈ ಸೀಮೆಗೆ ಮೊದಲು ಹಾಕಿದವರು ಸರ್ ಥಾಮಸ್ ಮನ್ರೋ ಸಾಹೇಬರು. ಆ ಪ್ರಶ್ನೆಯ ಕಥೆಯನ್ನೂ, ಅದಕ್ಕೆ ಬಳ್ಳಾರಿಯಿಂದ ಹೋದ ಉತ್ತರದಲ್ಲಿ ನಮ್ಮ ಕನ್ನಡ ವಿದ್ಯೆಗೆ ಒದಗಿದ ಒಂದು ವಿಚಿತ್ರ ಗತಿಯನ್ನೂ ಈ ಲೇಖನದಲ್ಲಿ ನಿರೂಪಿಸಲು ಯತ್ನಿಸುವೆನು.

೧೮೦೦ರಲ್ಲಿ ನಿಜಾಮನು ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟ ದತ್ತಮಂಡಲದಲ್ಲಿ ಹರಪನಹಳ್ಳಿಯ ಸೀಮೆಯೂ ಸೇರಿದ್ದಿತು. ಆಗ ಈ ಮಂಡಲಕ್ಕೆ ಮುಖ್ಯ ಕಲೆಕ್ಟರರಾಗಿ ಬಂದ ಮನ್ರೋ ಸಾಹೇಬರು ೧೮೦೭ರ ವರೆಗೆ ಇಲ್ಲಿಯೇ ಇದ್ದು, ಕುದುರೆಯ ಮೇಲೆ ಊರೂರು ತಿರುಗಿ, ಹೊಲಗದ್ದೆಗಳನ್ನು ಅಳತೆಮಾಡಿಸಿದವರು. ಮುಂದೆ ಮದರಾಸಿನ ಗವರ್ನರರಾದ ಮೇಲೆ, ೧೮೨೨ನೆಯ ಜೂನ್ ೨೫ರಂದು ಅವರು ಒಂದು ಟಿಪ್ಪಣಿಯನ್ನು ಬರೆದರು. ಅದರ ತಾತ್ಪರ್ಯವಿಷ್ಟು: ನಾವು ನೆಲವನ್ನು ಅಳೆದೆವು, ಬೆಳೆಯನ್ನು ಲೆಕ್ಕಹಾಕಿದೆವು, ಜನರನ್ನು ಎಣಿಸಿದೆವು, ಆದರೆ ಈ ಜನರ ವಿದ್ಯಾಭ್ಯಾಸವು ಯಾವ ಸ್ಥಿತಿಯಲ್ಲಿದೆಯೆಂಬುದಕ್ಕೆ ನಮ್ಮಲ್ಲಿ ಯಾವ ದಾಖಲೆಯೂ ಇಲ್ಲ. ಆದುದರಿಂದ ಪ್ರತಿಯೊಂದು ಜಿಲ್ಲೆಯ ಕಲೆಕ್ಟರನೂ ತನ್ನಲ್ಲಿರುವ ಪಾಠಶಾಲೆಗಳೆಷ್ಟು, ಅವುಗಳಲ್ಲಿ ಓದುವವರೆಷ್ಟು, ಅವರ ಜಾತಿಗಳಾವುವು, ಓದುವ ಪುಸ್ತಕಗಳಾವುವು, ಓದಿಗೆ ಎಷ್ಟು ವರ್ಷ ಹಿಡಿಯುವುದು, ಉಪಾಧ್ಯಾಯನಿಗೆ ಏನು ಸಲ್ಲುವುದು, ಮಾನ್ಯ ಉಂಬಳಿಗಳೇನಾದರೂ ಉಂಟೇ ಎಂಬುದನ್ನೆಲ್ಲ ವಿಚಾರಿಸಿ ಬರೆಯತಕ್ಕದ್ದು. ಇದಕ್ಕಾಗಿ ರೆವಿನ್ಯೂ ಬೋರ್ಡಿನವರು ಒಂದು ತಃಖ್ತೆಯನ್ನು ಕಲೆಕ್ಟರುಗಳಿಗೆ ಕಳುಹಿಸಿದರು. ಅದರ ತಲೆಯ ಮೇಲೆ ಶಾಲೆ ಎಂದೂ ಕಾಲೇಜು ಎಂದೂ ಎರಡು ಮಾತುಗಳಿದ್ದುವು. ಈ ಎರಡು ಮಾತುಗಳನ್ನು ವಾಚಕರು ಮನಸ್ಸಿನಲ್ಲಿಡಬೇಕು.

ಇಂತಹ ಪ್ರಶ್ನಾವಳಿಯ ಯೋಚನೆ ಆ ಕಾಲದ ಗಾಳಿಯಲ್ಲಿಯೇ ಇದ್ದಿತೆಂದು ತೋರುವುದು. ೧೮೧೭ರಲ್ಲಿ ಪ್ಯಾರಿಸಿನಲ್ಲಿ ಮಾರ್ಕ್ ಆಂತ್ವಾನ್ ಜೂಲಿಯೆನ್ ಎಂಬಾತನು ಯೂರೋಪಿನ ಎಲ್ಲ ರಾಜ್ಯಗಳಿಗೂ ಒಂದೇ ಬಗೆಯ ಪ್ರಶ್ನೆಗಳನ್ನು ಕಳುಹಿಸಿ, ಅವರ ಶಿಕ್ಷಣಪದ್ಧತಿಗಳನ್ನು ಕೋಷ್ಟಕಗಳಲ್ಲಿ ಅಕ್ಕಪಕ್ಕದಲ್ಲಿಟ್ಟು ಹೋಲಿಸಬೇಕೆಂದು ಒಂದು ಪುಸ್ತಿಕೆಯನ್ನು ಪ್ರಕಟಿಸಿದನು. ಅವನ ಕೈಯಲ್ಲಿ ಅಧಿಕಾರವಿರಲಿಲ್ಲ; ಯೋಚನೆಯು ಕಾಗದದಲ್ಲಿಯೇ ಉಳಿಯಿತು. ಮನ್ರೋ ಸಾಹೇಬರಿಗೆ ಅಧಿಕಾರವಿದ್ದಿತು. ಅಮಲ್ದಾರರಿಂದ ಶ್ಯಾನುಭೋಗರ ವರೆಗೆ ಕಾಗದಗಳು ಹರಿದಾಡಿದುವು.

ಬಳ್ಳಾರಿಯ ಉತ್ತರವು ಹೊರಟುದು ಒಂದು ವರ್ಷಕ್ಕೂ ಮೇಲ್ಪಟ್ಟು ತಡವಾಗಿ, ೧೮೨೩ನೆಯ ಆಗಸ್ಟ್ ೧೭ರಂದು. ತಡವಾದರೂ ಎಲ್ಲ ಉತ್ತರಗಳಲ್ಲಿಯೂ ಹೆಚ್ಚು ಸತ್ತ್ವವುಳ್ಳದ್ದು ಇದೇ. ಇದನ್ನು ಬರೆದ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ಸಾಹೇಬರು ತೆಲುಗಿಗೆ ವ್ಯಾಕರಣವನ್ನೂ ನಿಘಂಟನ್ನೂ ರಚಿಸಿದ್ದ ಪಂಡಿತರು. ತಃಖ್ತೆಯನ್ನು ತುಂಬಿ ಸಹಿಮಾಡಿ ಕೈತೊಳೆದುಕೊಳ್ಳುವ ಸ್ವಭಾವದವರಲ್ಲ. ಅವರ ಲೆಕ್ಕದ ಪ್ರಕಾರ ಜಿಲ್ಲೆಯ ಜನಸಂಖ್ಯೆ ೯,೨೭,೮೫೭, ಪಾಠಶಾಲೆಗಳು ೫೩೩, ಓದುವವರು ೬,೬೪೧. ಎಂದರೆ ಸಾವಿರ ಜನಕ್ಕೆ ಓದುವವರು ಸುಮಾರು ೭ ಮಂದಿ. ಅವರಲ್ಲಿ ಬ್ರಾಹ್ಮಣ ಬಾಲಕರು ೧,೧೮೫, ವೈಶ್ಯರು ೯೮೧, ಶೂದ್ರರೆಂದು ಬರೆದವರು ೨,೯೯೮, ಇತರ ಜಾತಿಗಳವರು ೧,೧೭೪, ಮುಸಲ್ಮಾನರು ೨೪೩. ಹೆಣ್ಣುಮಕ್ಕಳು ಇಡೀ ಜಿಲ್ಲೆಗೆ ೬೦. ಓದು ಬರಹವು ಒಂದು ವರ್ಣದವರ ಸೊತ್ತಾಗಿದ್ದಿತೆಂದು ನಂಬಿದವರಿಗೆ ಮೊದಲ ನಾಲ್ಕು ಅಂಕಿಗಳೂ, ಹಿಂದಿನ ಕಾಲವೆಲ್ಲ ಚಿನ್ನದ ಕಾಲವೆಂದು ನಂಬಿದವರಿಗೆ ಕೊನೆಯ ಅಂಕಿಯೂ ಔಷಧವಾಗಿವೆ.

ಭಾಷೆಯ ಲೆಕ್ಕವು ನಮಗೆ ಇನ್ನೂ ಸ್ವಾರಸ್ಯವಾದುದು. ಕನ್ನಡ ಶಾಲೆಗಳು ೨೩೫, ತೆಲುಗಿನವು ೨೨೬, ಮರಾಠಿ ೨೩, ಪಾರಸಿ ೨೧, ತಮಿಳು ೪, ಇಂಗ್ಲಿಷ್ ೧. ತೆಲುಗಿನ ಸಂಖ್ಯೆಯನ್ನು ನೋಡಿ ಯಾರೂ ಬೆರಗಾಗಬೇಕಾದುದಿಲ್ಲ. ಇಂದಿನ ಅನಂತಪುರದ ಸೀಮೆಯು ೧೮೮೨ರ ವರೆಗೆ ಬಳ್ಳಾರಿ ಜಿಲ್ಲೆಯೊಳಗೇ ಇದ್ದಿತು. ಇವೆಲ್ಲವೂ ಕೂಡಿ ೫೧೦ ಆದುವು. ಉಳಿದ ೨೩ ಸ್ಥಾನಗಳಲ್ಲಿ ಬ್ರಾಹ್ಮಣರು ಮಾತ್ರ ಸಂಸ್ಕೃತದಲ್ಲಿ ವೇದಾಂತ, ಜ್ಯೋತಿಷ, ತರ್ಕ, ಧರ್ಮಶಾಸ್ತ್ರಗಳನ್ನು ಅಷ್ಟಿಷ್ಟು ಅಭ್ಯಾಸಮಾಡುತ್ತಿದ್ದರೆಂದೂ, ಅಲ್ಲಿ ತರುಣರಷ್ಟೇ ಅಲ್ಲದೆ ವಯಸ್ಸಾದವರೂ ಓದುತ್ತಿದ್ದರೆಂದೂ ಕ್ಯಾಂಬೆಲರು ತಿಳಿಸುತ್ತಾರೆ. ಈ ಲೇಖನಕ್ಕೆ ಹೆಸರನ್ನು ಕೊಟ್ಟಿರುವುವು ಈ ೨೩ ಸ್ಥಾನಗಳೇ. ಅವುಗಳ ವಿಚಾರಕ್ಕೆ ಬರುವ ಮೊದಲು ನಮ್ಮ ಐಗಳ ಶಾಲೆಯೊಳಕ್ಕೆ ಒಮ್ಮೆ ಇಣಿಕಿ ನೋಡೋಣ; ಕ್ಯಾಂಬೆಲರು ಬಾಗಿಲನ್ನು ತೆರೆದಿಟ್ಟಿದ್ದಾರೆ.

ಮಗುವಿಗೆ ಐದು ತುಂಬಿದಾಗ ಐಗಳನ್ನೂ ಶಾಲೆಯ ಮಕ್ಕಳನ್ನೂ ಮನೆಗೆ ಕರೆದು, ಗಣಪತಿಯ ಸುತ್ತಲೂ ಕುಳ್ಳಿರಿಸಿ, ಧೂಪ ನೈವೇದ್ಯಗಳಾದ ಮೇಲೆ ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ದೇವರ ಹೆಸರನ್ನು ಬರೆಯಿಸುತ್ತಿದ್ದರು. ಬೆಳಗಿನ ಆರು ಗಂಟೆಗೆ ಶಾಲೆ. ಎಲ್ಲರಿಗಿಂತ ಮುಂಚೆ ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು. ಎರಡನೆಯವನ ಅಂಗೈಯಲ್ಲಿ ಸೊನ್ನೆ, ಎಂದರೆ ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಒಂದು ಸಣ್ಣ ಏಟು, ನಾಲ್ಕನೆಯವನಿಗೆ ಎರಡು, ಹೀಗೆಯೇ ಹಿಂದೆ ಬಂದವರಿಗೆಲ್ಲ ಒಂದೊಂದು ಹೆಚ್ಚು. ಸೋಮಾರಿಗೆ ಕೈಗಳನ್ನು ಕಟ್ಟಿ ಸೂರಿಗೆ ತೂಗಹಾಕುವ ಶಿಕ್ಷೆ. ನಮ್ಮ ಅಜ್ಜಂದಿರು ಕೋದಂಡವೆಂದು ಇದರ ಹೆಸರನ್ನು ಹೇಳುತ್ತ ಬೆನ್ನು ಸವರಿಕೊಳ್ಳುತ್ತಿದ್ದರು. ಮುಂದುವರಿದ ಹುಡುಗನು ಹಿಂದಿನವನಿಗೆ ಪಾಠ ಹೇಳಿಕೊಡುವ ಕ್ರಮವನ್ನು ಮಾತ್ರ ಕ್ಯಾಂಬೆಲರು ಮನಸಾರೆ ಮೆಚ್ಚಿ, ಇಂಗ್ಲೆಂಡು ಇದನ್ನು ಅನುಕರಿಸಿದುದು ಯುಕ್ತವೇ ಎಂದಿದ್ದಾರೆ. ಮದರಾಸಿನಲ್ಲಿದ್ದ ಡಾಕ್ಟರ್ ಆಂಡ್ರೂ ಬೆಲ್ ಎಂಬ ಪಾದ್ರಿಯು ಇಂತಹ ಪದ್ಧತಿಯನ್ನೇ ೧೭೯೭ರಲ್ಲಿ ಪುಸ್ತಕರೂಪವಾಗಿ ಇಂಗ್ಲೆಂಡಿಗೆ ಪರಿಚಯಮಾಡಿಸಿದ್ದನು. ಹೀಗೆ, ದೇಶದೇಶದ ಶಿಕ್ಷಣವನ್ನು ಹೋಲಿಸುವವರು ಹುಟ್ಟುವ ಮೊದಲೇ ದೇಶದೇಶದ ಶಿಕ್ಷಣವು ಒಂದರಿಂದೊಂದು ಕಲಿಯಲಾರಂಭಿಸಿದ್ದಿತು.

ಇರಲಿ. ಕ್ಯಾಂಬೆಲರ ಪತ್ರದ ಹೃದಯವಿರುವುದು ಬೇರೆಡೆಯಲ್ಲಿ. ಮೊದಲು ಶಾಲೆಗಳಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಶಾಲೆಯಿಲ್ಲ. ದೊಡ್ಡ ಶಾಲೆಗಳಿದ್ದಲ್ಲಿ ಉಳ್ಳವರ ನಾಲ್ಕಾರು ಮಕ್ಕಳು ಮಾತ್ರ ಓದುತ್ತಿದ್ದಾರೆ. ಇದಕ್ಕೆ ಕಾರಣವು ದೇಶಕ್ಕೆ ಬಂದ ಬಡತನ. ವಿಲಾಯತಿಯ ಬಟ್ಟೆ ಬಂದು ಇಲ್ಲಿಯ ನೇಕಾರರ ಕೈ ಬರಿದಾಯಿತು. ದಂಡು ದೂರದ ಗಡಿಗಳಿಗೆ ಹೋದುದರಿಂದ ಧಾನ್ಯಕ್ಕೆ ಗಿರಾಕಿ ತಪ್ಪಿತು. ಹಿಂದಿನ ದೊರೆಗಳ ಹಣ ಇಲ್ಲಿಯೇ ವೆಚ್ಚವಾಗುತ್ತಿದ್ದಿತು, ಈಗ ಹೊರಕ್ಕೆ ಹರಿಯುತ್ತಿದೆ ಎಂದು ಅವರು ಸರಕಾರಕ್ಕೇ ನೇರವಾಗಿ ಬರೆದರು. ಈ ೫೩೩ರಲ್ಲಿ ಒಂದಕ್ಕಾದರೂ ಸರಕಾರದಿಂದ ಕಾಸಿನ ಸಹಾಯವಿಲ್ಲವೆಂದು ಹೇಳಲು ನಾಚಿಕೆಯಾಗುವುದೆಂದೂ, ಹಿಂದೂ ಅರಸರ ಕಾಲದಲ್ಲಿ ವಿದ್ಯೆಗೆ ಹಣವೂ ಭೂಮಿಯೂ ಧಾರಾಳವಾಗಿ ಸಲ್ಲುತ್ತಿದ್ದುದರಲ್ಲಿ ಸಂದೇಹವಿಲ್ಲವೆಂದೂ ಅವರು ಒಪ್ಪಿಕೊಂಡಿದ್ದಾರೆ. ತನ್ನ ಆಳ್ವಿಕೆಯ ಅಂಕಿಗಳನ್ನು ತನಗೇ ವಿರುದ್ಧವಾದ ಸಾಕ್ಷಿಯಾಗಿ ನಿಲ್ಲಿಸಿದ ಅಧಿಕಾರಿಗಳು ಯಾವ ಕಾಲದಲ್ಲಿಯೂ ವಿರಳ.

ಹಿಂದೂ ಅರಸರ ಕಾಲದ ವಿಷಯದಲ್ಲಿ ಕ್ಯಾಂಬೆಲರದು ಊಹೆಯಾಗಿದ್ದಿತು. ನಮಗೆ ಈಗ ಶಾಸನಗಳ ಆಧಾರವಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಸಾಲೊಟಗಿಯಲ್ಲಿ ಕಟ್ಟಿಸಿದ ಶಾಲೆಯಲ್ಲಿ ಬೇರೆ ಬೇರೆ ಸೀಮೆಗಳಿಂದ ಬಂದ ವಿದ್ಯಾರ್ಥಿಗಳ ವಸತಿಗೆಂದು ೨೭ ಮನೆಗಳಿದ್ದುವೆಂದು ೯೪೫ರ ಶಾಸನವು ಹೇಳುವುದು. ಕಲ್ಯಾಣದ ಚಾಲುಕ್ಯರ ಕಾಲದ ನಾಗಾವಿಯ ಘಟಿಕಾಸ್ಥಾನದಲ್ಲಿ ವೇದವನ್ನೋದುವವರು ೨೦೦ ಮಂದಿ, ಶಾಸ್ತ್ರವನ್ನೋದುವವರು ೫೨ ಮಂದಿ, ಪುಸ್ತಕಗಳನ್ನು ಕಾಯಲು ಸರಸ್ವತೀಭಂಡಾರಿಗಳೆಂಬವರು ೬ ಮಂದಿ ಎಂದು ೧೦೫೮ರ ಶಾಸನದಲ್ಲಿದೆ. ಇವೂ ಅಂಕಿಗಳೇ. ಆದರೆ ಇಲ್ಲಿ ೨೦೦ ಎಂದು ಕೊರೆದುದರ ಅರ್ಥ, ೨೦೦ ಮಂದಿಯ ಅನ್ನಕ್ಕೆ ಭೂಮಿ ಬಿಟ್ಟಿದೆ ಎಂಬುದು. ೧೮೨೩ರ ಎಣಿಕೆಯಲ್ಲಿ ಅನ್ನದ ಮಾತಿಲ್ಲ. ಶಾಸನದ ಲೆಕ್ಕವು ದಾನಿಯ ಲೆಕ್ಕ, ತಃಖ್ತೆಯ ಲೆಕ್ಕವು ನೋಡುವವನ ಲೆಕ್ಕ. ಅವುಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ವಿದ್ಯೆ ಇಷ್ಟು ಇಳಿಯಿತು ಎಂದು ಭಾಗಾಕಾರ ಮಾಡುವವರನ್ನು ಕಂಡಿದ್ದೇನೆ, ಅದು ಸಲ್ಲದು.

ಈಗ ೨೩ ಸ್ಥಾನಗಳ ವಿಚಾರ. ಜಿಲ್ಲೆಗಳ ಉತ್ತರಗಳನ್ನೆಲ್ಲ ಕೂಡಿಸಿದಾಗ ಬಳ್ಳಾರಿಯ ಈ ೨೩ ಸ್ಥಾನಗಳು ಕಾಲೇಜು ಎಂಬ ಅಂಕಣದಲ್ಲಿ ಕುಳಿತುವು. ಅದೇ ಅಂಕಣದಲ್ಲಿ ರಾಜಮಹೇಂದ್ರಿಗೆ ೨೭೯, ಕೊಯಮತ್ತೂರಿಗೆ ೧೭೩, ಗುಂಟೂರಿಗೆ ೧೭೧, ತಂಜಾವೂರಿಗೆ ೧೦೯. ಮಲಬಾರಿಗೆ ಒಂದೇ ಒಂದು. ಒಟ್ಟು ೧,೦೯೪. ಇದನ್ನು ನೋಡಿದವನಿಗೆ ರಾಜಮಹೇಂದ್ರಿಯು ಬಳ್ಳಾರಿಗಿಂತ ಹನ್ನೆರಡು ಪಾಲು ವಿದ್ಯಾವಂತವಾಗಿದ್ದಿತೆಂದು ತೋರುವುದು ಸಹಜ. ಆದರೆ ರಾಜಮಹೇಂದ್ರಿಯ ೨೭೯ರಲ್ಲಿ ಇದ್ದ ವಿದ್ಯಾರ್ಥಿಗಳು ೧,೪೫೪ ಮಂದಿ. ಒಂದೊಂದು ಕಾಲೇಜಿಗೆ ಐದೇ ಮಂದಿ. ಅಲ್ಲಿಯ ಕಲೆಕ್ಟರನು ಶಿಷ್ಯರಿಗೆ ಪಾಠ ಹೇಳುವ ಒಬ್ಬೊಬ್ಬ ಶಾಸ್ತ್ರಿಯ ಜಗುಲಿಯನ್ನೂ ಕಾಲೇಜೆಂದು ಎಣಿಸಿದ್ದಾನೆ. ಮಲಬಾರಿನವನು ಸಾಮೂತಿರಿ ಅರಸನ ಮನೆತನದವರು ನಡೆಸುತ್ತಿದ್ದ ಒಂದನ್ನು ಮಾತ್ರ ಕಾಲೇಜೆಂದನು. ಕನ್ನಡ ಜಿಲ್ಲೆಯವರ ಕಥೆ ಇನ್ನೂ ಬೇರೆ. ಮಂಗಳೂರಿನಲ್ಲಿದ್ದ ಕಲೆಕ್ಟರನು, ಕಾಲೇಜುಗಳೂ ಇಲ್ಲ, ಸ್ಥಿರವಾದ ಶಾಲೆಗಳೂ ಇಲ್ಲ ಎಂದು ಉತ್ತರ ಬರೆದು ಅಂಕಿಗಳನ್ನೇ ಕಳುಹಿಸಲಿಲ್ಲ. ಉಡುಪಿಯ ಅಷ್ಟಮಠಗಳಿರುವ ಜಿಲ್ಲೆಯು ಹೀಗೆ ಉಚ್ಚವಿದ್ಯೆಯ ಕೋಷ್ಟಕದಲ್ಲಿ ಬರಿಯ ಖಾಲಿ ಜಾಗವಾಯಿತು. ಶ್ರೀರಂಗಪಟ್ಟಣದ ದ್ವೀಪ ಮಾತ್ರ ೩೧,೬೧೨ ಜನಕ್ಕೆ ೪೧ ಶಾಲೆ, ೬೨೭ ವಿದ್ಯಾರ್ಥಿಗಳೆಂದು ಒಪ್ಪವಾಗಿ ಬರೆಯಿತು. ಅದು ಸಾವಿರಕ್ಕೆ ಸುಮಾರು ೨೦, ಬಳ್ಳಾರಿಯ ಮೂರರಷ್ಟು. ಒಂದು ಪೇಟೆಕೋಟೆಯ ಊರನ್ನು ಬಯಲುಸೀಮೆಯ ಹಳ್ಳಿಗಳೊಡನೆ ತೂಗಿದರೆ ಹೀಗಲ್ಲದೆ ಬೇರೇನಾದೀತು?

ಇದಕ್ಕಿಂತಲೂ ದೊಡ್ಡ ಲೋಪವು ಕ್ಯಾಂಬೆಲರ ಪತ್ರದೊಳಗೇ ಅಡಗಿದೆ. ದೇಶಭಾಷೆಯ ಶಾಲೆಗಳಲ್ಲಿ ಓದು, ಬರಹ, ಲೆಕ್ಕ ಮಾತ್ರವೆಂದು ಹೇಳಿದವರೇ, ಅಲ್ಲಿ ಓದುವ ಪುಸ್ತಕಗಳ ಪಟ್ಟಿಯನ್ನೂ ಕೊಟ್ಟಿದ್ದಾರೆ. ರಾಮಾಯಣ, ಭಾರತ, ಭಾಗವತಗಳು ಎಲ್ಲರಿಗೂ. ಕುಶಲಕರ್ಮಿಗಳ ಮಕ್ಕಳಿಗೆ ವಿಶ್ವಕರ್ಮಪುರಾಣವೇ ಮೊದಲಾದುವು. ಲಿಂಗಧಾರಿಗಳ ಮಕ್ಕಳಿಗೆ ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಅನುಭವಾಮೃತ, ಚೆನ್ನಬಸವಪುರಾಣ. ವಿನೋದಕ್ಕೆ ಪಂಚತಂತ್ರ, ಬೇತಾಳಪಂಚವಿಂಶತಿ. ಭಾಷೆಯ ಜ್ಞಾನಕ್ಕೆ ನಿಘಂಟು, ಅಮರ, ಶಬ್ದಮಣಿದರ್ಪಣ! ಹಂಪೆಯ ಹರಿಹರನ ಗಿರಿಜಾಕಲ್ಯಾಣವನ್ನು ಅರ್ಥವಾಗುವಂತೆ ಓದಬಲ್ಲವರು ಇಂದು ಎಂ. ಎ. ತರಗತಿಯಲ್ಲಿಯೂ ಕೆಲವರೇ. ಕೇಶಿರಾಜನ ಸೂತ್ರಗಳನ್ನು ಕಲಿಸುವ ಐಗಳು ಒಬ್ಬ ತರ್ಕಶಾಸ್ತ್ರಿಗೆ ಯಾವ ವಿಧದಿಂದ ಕಡಮೆ? ಆದರೂ ತರ್ಕಶಾಸ್ತ್ರಿಯ ಜಗುಲಿಯು ಕಾಲೇಜು. ಶಬ್ದಮಣಿದರ್ಪಣದ ಜಗುಲಿಯು ಮಕ್ಕಳ ಶಾಲೆ. ಅಂಕಣವನ್ನು ಎಳೆದವರ ಮನಸ್ಸಿನಲ್ಲಿ ಉಚ್ಚವಿದ್ಯೆಯೆಂದರೆ ಸಂಸ್ಕೃತ, ದೇಶಭಾಷೆಯೆಂದರೆ ಅಕ್ಷರಾಭ್ಯಾಸ ಎಂಬ ಗೆರೆಯೊಂದು ಮೊದಲೇ ಬಿದ್ದಿದ್ದಿತು. ಕನ್ನಡದಲ್ಲಿ ಉಚ್ಚವಿದ್ಯೆಯೆಂಬುದೊಂದು ಇರಬಹುದೆಂದು ತಃಖ್ತೆಗೆ ತಿಳಿದಿರಲಿಲ್ಲ. ತಿಳಿಯದುದನ್ನು ಅದು ಎಣಿಸಲೂ ಇಲ್ಲ.

ನ್ಯಾಯವಾಗಿ ಹೇಳುವುದಾದರೆ, ಕ್ಯಾಂಬೆಲರು ತಮ್ಮ ಪಕ್ಷಕ್ಕೂ ಕಾರಣಗಳನ್ನು ಕೊಟ್ಟಿದ್ದಾರೆ. ಕಾವ್ಯಭಾಷೆಯು ಆಡುಮಾತಿಗೆ ದೂರವಾದುದರಿಂದ ಹುಡುಗರು ಪದ್ಯಗಳನ್ನು ಗಿಳಿಯಂತೆ ಒಪ್ಪಿಸುವರೇ ಹೊರತು ಅರ್ಥವನ್ನರಿಯರು. ವ್ಯಾಕರಣ ನಿಘಂಟುಗಳ ಓಲೆಪ್ರತಿಗಳು ಬೆಲೆಯುಳ್ಳವು, ಐಗಳು ಬಡವರು, ಆದುದರಿಂದ ಎಲ್ಲಕ್ಕಿಂತ ಅವಶ್ಯವಾದ ಈ ಗ್ರಂಥಗಳೇ ಶಾಲೆಗಳಲ್ಲಿ ಎಲ್ಲಕ್ಕಿಂತ ಅಪರೂಪ ಎಂದು ಅವರು ಬರೆದಿದ್ದಾರೆ. ಇದನ್ನು ಅಲ್ಲಗಳೆಯಲು ನಮ್ಮಲ್ಲಿ ಆಧಾರವಿಲ್ಲ. ಆದರೆ ಅಪರೂಪವೆಂದರೆ ಇಲ್ಲವೆಂದಲ್ಲವಷ್ಟೆ. ಅಲ್ಲದೆ ಅವರು ೬,೬೪೧ನ್ನು ೫೩೩ರಿಂದ ಭಾಗಿಸಿ ಶಾಲೆಗೆ ಹನ್ನೆರಡು ಮಂದಿಯೆಂದಾಗ ಅಕ್ಕಿಯಲ್ಲಿ ಬೆರಳಿಟ್ಟ ಮಗುವೂ ಧರ್ಮಶಾಸ್ತ್ರವನ್ನೋದುವ ಮುದುಕನೂ ಒಂದೇ ಮೊತ್ತದಲ್ಲಿ ಸೇರಿಹೋದರು.

ಉತ್ತರಗಳೆಲ್ಲ ಕೂಡಿದ ಮೇಲೆ ೧೮೨೬ನೆಯ ಮಾರ್ಚ್ ೧೦ರಂದು ಮನ್ರೋ ಸಾಹೇಬರು ತಮ್ಮ ಅಭಿಪ್ರಾಯವನ್ನು ಬರೆದರು. ಪ್ರಾಂತದಲ್ಲೆಲ್ಲ ಜನ ೧,೨೮,೫೦,೯೪೧, ಶಾಲೆ ಕಾಲೇಜುಗಳು ಕೂಡಿ ೧೨,೪೯೮, ಓದುವವರು ೧,೮೮,೬೫೦. ಇಷ್ಟಕ್ಕೇ ಅವರು ತೃಪ್ತರಾಗಲಿಲ್ಲ. ಓದುವ ವಯಸ್ಸಿನವರೆಷ್ಟು ಎಂಬುದು ತಿಳಿಯದೆ ಓದುವವರ ಸಂಖ್ಯೆಗೆ ಅರ್ಥವಿಲ್ಲವೆಂದು ಕಂಡು, ಗಂಡಸರಲ್ಲಿ ಒಂಬತ್ತರಲ್ಲೊಂದು ಪಾಲು ೫ರಿಂದ ೧೦ ವರ್ಷದವರೆಂದು ಹಿಡಿದು, ಅವರಲ್ಲಿ ಶಾಲೆಗೆ ಹೋಗುವವರು ನಾಲ್ಕರಲ್ಲೊಂದಕ್ಕಿಂತ ತುಸು ಹೆಚ್ಚು ಎಂದು ಲೆಕ್ಕಹಾಕಿದರು. ಮನೆಯಲ್ಲೇ ಓದುವವರನ್ನೂ ಸೇರಿಸಿದರೆ ಮೂರರಲ್ಲೊಂದಕ್ಕೆ ಸಮೀಪವಾದೀತೆಂದರು. ಮದರಾಸು ಪಟ್ಟಣದಲ್ಲಿ ಮನೆಯಲ್ಲಿ ಓದುವವರು ೨೬,೯೬೩ ಎಂದು ಬಂದಿದ್ದ ಅಂಕಿಯು ಶಾಲೆಯವರ ಐದರಷ್ಟಾದುದನ್ನು ಕಂಡು, ಇದರಲ್ಲೇನೋ ತಪ್ಪಿರಬೇಕೆಂದೂ ಸಂದೇಹಪಟ್ಟರು. ಕೊನೆಗೆ, ಇಲ್ಲಿಯ ವಿದ್ಯೆಯು ತಮ್ಮ ದೇಶಕ್ಕಿಂತ ಕೆಳಗಿದ್ದರೂ ಯೂರೋಪಿನ ಬಹುತೇಕ ದೇಶಗಳಲ್ಲಿ ಸ್ವಲ್ಪಕಾಲದ ಹಿಂದೆ ಇದ್ದುದಕ್ಕಿಂತ ಮೇಲು ಎಂದು ತೀರ್ಮಾನಿಸಿದರು. ನಮ್ಮ ಹಳ್ಳಿಯ ಐಗಳ ಶಾಲೆಯನ್ನು ಯೂರೋಪಿನ ರಾಜ್ಯಗಳ ಸಾಲಿನಲ್ಲಿ ನಿಲ್ಲಿಸಿ ಅಂಕಿಗಳ ಮೇಲೆ ತೂಗಿದ ಮೊದಲ ತೂಕಗಳಲ್ಲಿ ಇದೊಂದು.

ಕ್ಯಾಂಬೆಲರ ಪತ್ರವು ಮುಂದೆ ೧೮೩೧-೩೨ರ ಪಾರ್ಲಿಮೆಂಟಿನ ಕಾಗದಗಳಲ್ಲಿ ಅಚ್ಚಾಗಿ ಪ್ರಸಿದ್ಧವಾಯಿತು. ಶತಮಾನ ಕಳೆದ ಮೇಲೆ, ೧೯೩೧ನೆಯ ಅಕ್ಟೋಬರ್ ೨೦ರಂದು ಲಂಡನ್ನಿನಲ್ಲಿ ಮಹಾತ್ಮಾ ಗಾಂಧಿಯವರು, ಐವತ್ತು ನೂರು ವರ್ಷಗಳ ಹಿಂದಿಗಿಂತ ಭಾರತವು ಈಗ ಹೆಚ್ಚು ನಿರಕ್ಷರವಾಗಿದೆಯೆಂದಾಗ, ಸರ್ ಫಿಲಿಪ್ ಹಾರ್ಟಾಗರು ಅಂಕಿಗಳನ್ನು ತೋರಿಸಿರೆ ಎಂದು ಪಟ್ಟುಹಿಡಿದರು. ವಾದವು ಪತ್ರಗಳಲ್ಲಿ ವರ್ಷಗಟ್ಟಲೆ ನಡೆಯಿತು. ೧೯೩೯ರಲ್ಲಿ ಹಾರ್ಟಾಗರು ತಮ್ಮ ಪಕ್ಷವನ್ನು ಪುಸ್ತಕವಾಗಿಯೂ ತಂದರು. ೧೯೮೩ರಲ್ಲಿ ಧರ್ಮಪಾಲರು ಕಲೆಕ್ಟರುಗಳ ಮೂಲಪತ್ರಗಳನ್ನೆಲ್ಲ ಪ್ರಕಟಿಸಿ ಮತ್ತೆ ಕೂಡಿಸಿದಾಗ ಶಾಲೆಗಳು ೧೧,೫೭೫, ಕಾಲೇಜುಗಳು ೧,೦೯೪ ಆದುವು. ಇವೆರಡನ್ನೂ ಕೂಡಿಸಿ ನೋಡಿದವರಿಗೆ ಮನ್ರೋ ಸಾಹೇಬರ ಮೊತ್ತವು ಬರುವುದಿಲ್ಲ. ಕಾಗದದ ಕಟ್ಟು ಒಂದೇ, ಕೂಡಿಸಿದ ಕೈ ಬೇರೆ.

ಇದೆಲ್ಲ ಹಳೆಯ ಕಾಲದ ಕಥೆಯೆಂದು ಯಾರೂ ನಗಬೇಕಾಗಿಲ್ಲ. ೨೦೧೦-೧೧ರಿಂದ ಭಾರತ ಸರಕಾರವು ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯನ್ನು ನಡೆಸುತ್ತಿದೆ. ಹನ್ನೆರಡು ವರ್ಷದ ಓದಾದ ಮೇಲಿನದು ಉನ್ನತ ಶಿಕ್ಷಣವೆಂದೂ, ಹತ್ತು ವರ್ಷದ ಓದಾದ ಮೇಲೆ ಮೂರು ವರ್ಷ ನಡೆಯುವುದೂ ಅದರಲ್ಲಿ ಸೇರುವುದೆಂದೂ ಅದರ ಲಕ್ಷಣ. ಹೀಗಾಗಿ ಎಸ್. ಎಸ್. ಎಲ್. ಸಿ. ಮುಗಿಸಿ ಪಾಲಿಟೆಕ್ನಿಕ್ ಸೇರಿದ ಹುಡುಗನು ಉನ್ನತ ಶಿಕ್ಷಣದವನು. ಅವನ ಜೊತೆಯಲ್ಲಿ ಓದಿ ಪದವಿಪೂರ್ವ ಕಾಲೇಜು ಸೇರಿದ ಹುಡುಗಿಯು ಅಲ್ಲ, ನಮ್ಮ ಮನೆಗಳಲ್ಲಿ ಅವಳು ‘ಕಾಲೇಜಿಗೆ ಹೋಗುತ್ತಾಳೆ’ ಎಂದರೂ. ೨೦೨೧-೨೨ರ ಸಮೀಕ್ಷೆಯಂತೆ ೧೮ರಿಂದ ೨೩ ವರ್ಷದವರಲ್ಲಿ ಲಕ್ಷಕ್ಕೆ ಕರ್ನಾಟಕದಲ್ಲಿ ೬೬ ಕಾಲೇಜುಗಳು. ದೇಶದಲ್ಲಿ ಇದೇ ಮೊದಲನೆಯ ಸ್ಥಾನ. ತಮಿಳುನಾಡಿನಲ್ಲಿ ೪೦ ಮಾತ್ರ. ಆದರೆ ಅದೇ ವಯಸ್ಸಿನವರ ಸಂಖ್ಯೆಯೊಡನೆ ಓದುವವರ ಸಂಖ್ಯೆಯನ್ನು ಹೋಲಿಸಿದ ಪ್ರಮಾಣವು ನೂರಕ್ಕೆ ತಮಿಳುನಾಡಿನಲ್ಲಿ ೪೭, ಕರ್ನಾಟಕದಲ್ಲಿ ೩೬.೨. ರಾಜಮಹೇಂದ್ರಿಯ ಐದೈದು ಶಿಷ್ಯರ ಕಾಲೇಜುಗಳು ನೆನಪಾಗುವುದಿಲ್ಲವೇ? ಮನ್ರೋ ಸಾಹೇಬರ ‘ಒಂಬತ್ತರಲ್ಲೊಂದು ಪಾಲು’ ಕೂಡ ಇನ್ನೂ ಜೀವಂತವಾಗಿದೆ. ೨೦೧೯-೨೦ಕ್ಕೆ ದೇಶದ ಪ್ರಮಾಣವು ೨೭.೧ ಎಂದು ಪ್ರಕಟವಾಗಿದ್ದಿತು. ೨೦೦೧ರ ಖಾನೇಸುಮಾರಿಯನ್ನು ಬಿಟ್ಟು ೨೦೧೧ರದನ್ನು ಆಧಾರವಾಗಿ ಹಿಡಿದಾಗ ಅದೇ ವರ್ಷದ ಪ್ರಮಾಣವು ೨೫.೬ಕ್ಕೆ ಇಳಿಯಿತು. ಒಬ್ಬ ವಿದ್ಯಾರ್ಥಿಯೂ ಓದು ಬಿಟ್ಟಿರಲಿಲ್ಲ.

ದೇಶಗಳನ್ನು ಹೋಲಿಸುವಾಗ ತೊಡಕು ಇನ್ನೂ ಹೆಚ್ಚು. ಜೂಲಿಯೆನ್ ಕನಸುಕಂಡ ಕೋಷ್ಟಕವನ್ನು ಈಗ ಯುನೆಸ್ಕೋ ಸಂಸ್ಥೆಯು ತಯಾರಿಸುತ್ತದೆ. ಒಂದು ದೇಶದ ‘ಕಾಲೇಜು’ ಇನ್ನೊಂದು ದೇಶದ ‘ಶಾಲೆ’ಯಾಗುವ ಗೊಂದಲವನ್ನು ತಪ್ಪಿಸಲು ಅದು ೧೯೭೬ರಲ್ಲಿ ಶಿಕ್ಷಣದ ಮಟ್ಟಗಳಿಗೊಂದು ಸಮಾನ ವರ್ಗೀಕರಣವನ್ನು ಹೊರಡಿಸಿ, ೧೯೯೭ರಲ್ಲಿಯೂ ೨೦೧೧ರಲ್ಲಿಯೂ ತಿದ್ದಿತು. ಅದು ಪ್ರೌಢಶಿಕ್ಷಣ ಮುಗಿದ ಮೇಲಿನ ಐದು ವರ್ಷದ ವಯೋಮಾನವನ್ನು ಹಿಡಿಯುವುದು; ನಮ್ಮವರು ಆರು ವರ್ಷದ್ದನ್ನು ಹಿಡಿಯುವರು. ಆದುದರಿಂದ ಭಾರತದ ಪ್ರಮಾಣವೆಂಬುದು ದೆಹಲಿಯಲ್ಲಿ ಒಂದು, ಅಲ್ಲಿ ಒಂದು.

ಚಿಗಟೇರಿಯ ಹೋಬಳಿಯ ಮಟ್ಟಿಗೆ ಇದು ಬರಿಯ ಪಂಡಿತರ ಚರ್ಚೆಯಲ್ಲ. ಈ ಸೀಮೆಯ ಹುಡುಗನು ಪದವಿಗಾಗಿ ಒಂದು ಕಾಲದಲ್ಲಿ ಮದರಾಸಿಗೋ, ೧೯೧೬ರಿಂದ ಅನಂತಪುರಕ್ಕೋ, ೧೯೧೭ರಿಂದ ಧಾರವಾಡಕ್ಕೋ ಹೋಗಬೇಕಾಗಿದ್ದಿತು. ಬಳ್ಳಾರಿಯಲ್ಲಿ ವೀರಶೈವ ಕಾಲೇಜು ೧೯೪೫ರಲ್ಲಿ ತೆರೆಯಿತು. ೧೯೯೭ರಲ್ಲಿ ಹರಪನಹಳ್ಳಿ ತಾಲ್ಲೂಕು ದಾವಣಗೆರೆ ಜಿಲ್ಲೆಗೆ ಸೇರಿತು. ೨೦೧೮ರಲ್ಲಿ ಬಳ್ಳಾರಿಗೆ ಮರಳಿತು. ೨೦೨೧ರಲ್ಲಿ ವಿಜಯನಗರ ಜಿಲ್ಲೆಯಾಯಿತು. ನಡುವೆ ೨೦೧೩ರಲ್ಲಿ ಸಂವಿಧಾನದ ೩೭೧-ಜೆ ವಿಧಿಯಿಂದ ಕಾಲೇಜು ಸೀಟುಗಳಲ್ಲಿ ಮೀಸಲಾತಿಯು ಬಳ್ಳಾರಿ ಜಿಲ್ಲೆಗೆ ದೊರೆತಾಗ, ದಾವಣಗೆರೆಯ ಅಂಕಣದಲ್ಲಿ ಎಣಿಸಲ್ಪಡುತ್ತಿದ್ದ ನಮ್ಮ ಮಕ್ಕಳು ಅದರ ಹೊರಗುಳಿದರು. ಊರು ಅಲ್ಲೇ ಇದ್ದಿತು, ಬರಗಾಲವೂ ಅದೇ ಇದ್ದಿತು. ತಃಖ್ತೆಯ ಗೆರೆ ಮಾತ್ರ ಅತ್ತಿತ್ತ ಹೋಗಿದ್ದಿತು. ಜಿಲ್ಲೆಗೆ ಮರಳಬೇಕೆಂದು ತಾಲ್ಲೂಕಿನ ಜನರು ಅಷ್ಟು ಹೋರಾಡಿದುದು ಇದಕ್ಕಾಗಿಯೇ.

೧೮೨೩ರ ೨೩ ಸ್ಥಾನಗಳ ಜೊತೆಗೆ, ಲೆಕ್ಕಕ್ಕೆ ಬಾರದೆ ಹೋದ ಕನ್ನಡ ವಿದ್ಯಾಸ್ಥಾನಗಳು ಎಲ್ಲೆಲ್ಲಿದ್ದುವೆಂಬುದನ್ನು ಈಗಲಾದರೂ ಪತ್ತೆಹಚ್ಚಲು ಸಾಧ್ಯವಿದೆ. ಉಜ್ಜಿನಿ, ಕೊಟ್ಟೂರು, ಹರಪನಹಳ್ಳಿ, ಹಡಗಲಿಗಳ ಸುತ್ತಿನ ಮಠಗಳಲ್ಲಿಯೂ ಹಳೆಯ ಮನೆತನಗಳ ಅಟ್ಟಗಳಲ್ಲಿಯೂ ಓಲೆಗರಿಗಳೂ ಕಡತಗಳೂ ಉಳಿದಿರಬಹುದು. ಅಂತಹ ಪ್ರತಿಗಳ ಕೊನೆಯಲ್ಲಿ ಬರೆದವನ ಹೆಸರು, ಊರು, ಸಂವತ್ಸರ, ಯಾರಿಗೆ ಓದಲು ಬರೆದುದೆಂಬ ಸಂಗತಿ ಇರುವುದು ವಾಡಿಕೆ. ಶಬ್ದಮಣಿದರ್ಪಣದ ಅಥವಾ ನಿಘಂಟುಗಳ ಪ್ರತಿಯು ಯಾವ ವಾಚಕರ ಮನೆಯಲ್ಲಾದರೂ ಇದ್ದರೆ, ಮೂಲವನ್ನು ತಮ್ಮಲ್ಲಿಯೇ ಇಟ್ಟುಕೊಂಡು, ಕೊನೆಯ ಗರಿಯ ನಾಲ್ಕು ಸಾಲುಗಳನ್ನು ನಕಲುಮಾಡಿ ಈ ಪತ್ರಿಕೆಗೆ ಕಳುಹಿಸಿಕೊಟ್ಟರೆ, ಊರು ಸಂವತ್ಸರಗಳೊಡನೆ ಒಂದು ಪಟ್ಟಿಯಾಗಿ ಅಚ್ಚುಹಾಕಿಸಬಹುದು.